ಬಾಕ್ಸ್‌ವುಡ್ ಬೋನ್ಸಾಯಿಯ ತೊಗಟೆ

ಬಾಚಣಿಗೆಗೂ ಷೋಗಿ ಆಟದ ಕಾಯಿಗಳಿಗೂ ಜಪಾನೀಯರು ಬಳಸುವ 'ತ್ಸುಗೆ' ಮರವು ಬಾಕ್ಸ್‌ವುಡ್ ವರ್ಗದ್ದು. 1823ರಿಂದ 1829ರವರೆಗೆ ಜಪಾನಿನಲ್ಲಿದ್ದ ಜರ್ಮನ್ ವೈದ್ಯ ಸೀಬೋಲ್ಡನೂ ಅವನ ಸಹೋದ್ಯೋಗಿ ಜುಕಾರಿನಿಯೂ ಈ ಜಾತಿಗೆ 'ಬಕ್ಸಸ್ ಮೈಕ್ರೊಫಿಲ್ಲ' ಎಂಬ ಶಾಸ್ತ್ರೀಯನಾಮವನ್ನಿತ್ತರು. ಇದರ ಕುಬ್ಜ ತಳಿಗಳಲ್ಲಿ ಪ್ರಸಿದ್ಧವಾದುದು, ಅಮೆರಿಕದ ಮೇರಿಲ್ಯಾಂಡಿನ ಹೆನ್ರಿ ಹೋಮನ್ ಪ್ರಚಾರಕ್ಕೆ ತಂದ 'ಕಿಂಗ್ಸ್‌ವಿಲ್'. ಇದರ ಬೆಳವಣಿಗೆ ಅತಿ ಮಂದ. ಬಾಕ್ಸ್‌ವುಡ್ಡಿಗೆ ವಯಸ್ಸಾದಂತೆ ತೊಗಟೆ ಬೆಂಡಿನಂತಾಗಿ ಸಣ್ಣ ಸಣ್ಣ ಚೌಕಗಳಾಗಿ ಬಿರಿಯುತ್ತದೆ. ಗೇಣುದ್ದದ ಗಿಡಕ್ಕೆ ವೃದ್ಧವೃಕ್ಷದ ಗಾಂಭೀರ್ಯವನ್ನು ತರುವುದು ಈ ಬಿರುಕುಗಳೇ.

ಇಲ್ಲಿ ಬೆಳೆಸುವವರಿಗೆ ಒಂದು ತೊಡಕುಂಟು. ಬೇರಿಗೆ ಎಡೆಯಿಲ್ಲದ ಪುಟ್ಟ ಕುಂಡದಲ್ಲಿ ಕಾಂಡವು ಬೇಗ ದಪ್ಪಗಾಗದು. ಎಳೆಯ ಸಣಕಲು ಕಾಂಡದಲ್ಲಿ ತೊಗಟೆ ಬಿರಿಯದು. ಆದುದರಿಂದ ಗಿಡವನ್ನು ಮೊದಲು ಹಲವು ವರ್ಷ ನೆಲದಲ್ಲಿಯೇ ಬೆಳೆಸಿ, ಅನಂತರ ನೀರು ಚೆನ್ನಾಗಿ ಬಸಿಯುವ ಮಣ್ಣು ತುಂಬಿದ ಕುಂಡಕ್ಕೆ ತರುವುದು ಲೇಸು. ಹಳೆಯ ಕೊಂಬೆಯಲ್ಲಿಯೂ ಚಿಗುರೊಡೆಯುವುದರಿಂದ ಕತ್ತರಿಯ ಕೆಲಸ ಸುಲಭ. ತಂತಿ ಸುತ್ತುವಾಗಲೂ ಪಾಚಿ ತೆಗೆಯುವಾಗಲೂ ಮಾತ್ರ ಎಚ್ಚರ ಬೇಕು. ಬೆಂಡಿನ ಹೊರಪದರ ನಿರ್ಜೀವವಾದುದು. ಕಳಚಿದ ತುಣುಕು ಮತ್ತೆ ಕೂಡದು. ದಶಕಗಳ ಸಂಚಯವು ಗಡಸು ಕುಂಚದ ಒಂದು ನಿಮಿಷದ ಉಜ್ಜಾಟಕ್ಕೆ ಬಲಿಯಾಗುತ್ತದೆ. (ಪ್ರಾಚೀನ ನಾಣ್ಯಗಳನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗುವವರನ್ನು ಬಲ್ಲ ನಮಗೆ ಇದು ಹೊಸ ಸಂಗತಿಯಲ್ಲ.) ಆದರೆ ಬಿರುಕುಗಳನ್ನು ನೋಡಿ ಗಿಡದ ವಯಸ್ಸನ್ನು ನಿರ್ಣಯಿಸಲಾಗದು, ಅದಕ್ಕೆ ಬೆಳೆಸಿದವರು ಬರೆದಿಟ್ಟ ದಾಖಲೆಯನ್ನೇ ಕೇಳಬೇಕು.