ಹಸುವಿನ ಬಾಯಿಗೆ ಕೈ ಹಾಕುವ ಮುನ್ನ

ಬಾವಲಿ ಚೀಪಿ ಉದುರಿಸಿದ ಹಣ್ಣಡಿಕೆಯನ್ನು ಬೆಳಗಾಗುತ್ತಲೇ ಹೆಕ್ಕುವುದು ನಮ್ಮ ತೋಟಗಳಲ್ಲಿ ರೂಢಿ. ಈ ಬಾವಲಿಯಿಂದ ರೇಬೀಸ್, ಅಂದರೆ ಹುಚ್ಚುನಾಯಿ ರೋಗ, ಬರುತ್ತದೆಯೇ ಎಂಬ ಅಂಜಿಕೆ ಹಲವರಲ್ಲಿದೆ.

ಅಮೆರಿಕ ಖಂಡಗಳ ಮಟ್ಟಿಗೆ ಅದು ನಿಜ. ಅಲ್ಲಿ ದನಗಳ ರಕ್ತ ಕುಡಿಯುವ ಬಾವಲಿಗಳಿವೆ. 1920ರ ದಶಕದಲ್ಲಿ ಟ್ರಿನಿಡಾಡ್ ದ್ವೀಪದ ದನಗಳು ಕಾಲು ಸೋತು ಸಾಯತೊಡಗಿದಾಗ ಮೇವಿನ ವಿಷವೆಂದೇ ಮೊದಲು ಭಾವಿಸಿದ್ದರು. ಬಾವಲಿ ಕಚ್ಚಿ ತಂದ ರೇಬೀಸ್ ಅದೆಂದು 1930ರ ದಶಕದಲ್ಲಿ ಡಾ. ಜೋಸೆಫ್ ಪಾವನ್ ತೋರಿಸಿಕೊಟ್ಟರು.

ರಕ್ತ ಕುಡಿದು ಬದುಕುವ ಅಂಥ ಬಾವಲಿ ನಮ್ಮಲ್ಲಿಲ್ಲ. ಆದರೆ ರೇಬೀಸಿನ ದಾಯಾದಿ ವೈರಸ್ಸುಗಳು ಈ ಕಡೆಯೂ ಇವೆ. 2015ರ ಸುಮಾರಿಗೆ ಶ್ರೀಲಂಕಾದಲ್ಲಿ ಸಿಕ್ಕ ಒಂದು ವೈರಸ್, ನಮ್ಮ ಆಲದ ಮರಗಳಲ್ಲಿ ತೂಗುವ ದೊಡ್ಡ ಬಾವಲಿಯ ಜಾತಿಯಲ್ಲೇ ಇತ್ತು. ಆದುದರಿಂದ ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಕಚ್ಚಿದರೆ ನಾಯಿ ಕಚ್ಚಿದಂತೆಯೇ ಎಣಿಸಬೇಕು. ಅಡಿಕೆ ಹೆಕ್ಕುವುದರಿಂದ ರೇಬೀಸ್ ಬರುವುದಿಲ್ಲ. ರೋಗ ಹಿಡಿದ ಪ್ರಾಣಿಯ ಜೊಲ್ಲು ಗಾಯಕ್ಕೋ ಕಣ್ಣು ಬಾಯಿಗೋ ಸೇರಬೇಕು.

ನಿಜವಾದ ಅಪಾಯ ಕೊಟ್ಟಿಗೆಯಲ್ಲಿದೆ. ನಮ್ಮ ದೇಶದಲ್ಲಿ ಈ ರೋಗ ಹರಡುವುದು ಬಹುಪಾಲು ನಾಯಿಯಿಂದ. ಹುಚ್ಚು ಹಿಡಿದ ನಾಯಿ ಮೇಯುವ ಹಸುವನ್ನು ಕಚ್ಚಿ ಹೋದದ್ದು ಅನೇಕ ವೇಳೆ ಯಾರಿಗೂ ತಿಳಿದಿರುವುದಿಲ್ಲ. ವೈರಸ್ ನರಗಳ ದಾರಿ ಹಿಡಿದು ಮಿದುಳು ಸೇರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಆಮೇಲೆ ಹಸು ಮೇವು ಬಿಡುತ್ತದೆ, ದನಿ ಒಡೆದು ಕೂಗುತ್ತದೆ, ಹಿಂಗಾಲು ಎಳೆಯುತ್ತದೆ, ಜೊಲ್ಲು ಸುರಿಸುತ್ತದೆ. ಆಗ ನಾವು ಮಾಡುವುದೇನು? ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಮೊಣಕೈವರೆಗೆ ಕೈ ಹಾಕುತ್ತೇವೆ, ಗೊಟ್ಟದಲ್ಲಿ ಕಷಾಯ ಹೊಯ್ಯುತ್ತೇವೆ. ಕತ್ತಿಯ ಗೀರಿಲ್ಲದ ಕೈ ನಮ್ಮಲ್ಲಿ ಯಾರಿಗಿದೆ?

ಇಂಥ ಹಸುವನ್ನು ಬೇರೆ ಕಟ್ಟಿ ಪಶುವೈದ್ಯರನ್ನು ಕರೆಸಿರಿ. ಹಾಲು ಬಳಸಬೇಡಿರಿ. ಕೈ ಹಾಕಿ ಆಗಿದ್ದರೆ, ಅಥವಾ ನಾಯಿಯೇ ಕಚ್ಚಿದ್ದರೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನ ಪುಡಿ ಮೆತ್ತಬಾರದು. ಅದೇ ದಿನ ಆಸ್ಪತ್ರೆ ಸೇರಿರಿ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯ ಕಾಲ ಹೋಯಿತು. ಈಗ ತೋಳಿಗೆ ಲಸಿಕೆ, ನಾಲ್ಕೈದು ಸಲ ಹೋದರಾಯಿತು. ರಕ್ತ ಬಂದ ಗಾಯಕ್ಕೂ ಜೊಲ್ಲು ಸೋಕಿದ ಗೀರಿಗೂ ಇಮ್ಯುನೊಗ್ಲಾಬ್ಯುಲಿನ್ ಎಂಬ ಮದ್ದೂ ಬೇಕಾಗುತ್ತದೆ, ಕೇಳಿ ಪಡೆಯಿರಿ. ರೋಗಲಕ್ಷಣ ಕಂಡ ಮೇಲೆ ಬದುಕಿದವರು ಅಪರೂಪದಲ್ಲಿ ಅಪರೂಪ.

ಕಚ್ಚಿಸಿಕೊಂಡ ಹಸುವಿಗೂ ಕೂಡಲೇ ಲಸಿಕೆ ಹಾಕಿಸಬಹುದು. ತೋಟದ ನಾಯಿಗಂತೂ ವರ್ಷಕ್ಕೊಮ್ಮೆ ತಪ್ಪಿಸಬೇಡಿರಿ.