ಕಂಪನಿಗೆ ರಜೆ, ಹಳ್ಳಿಗೆ ನಾಟಕ

ನಾಟಕ ಕಂಪನಿಗಳ ಬಗ್ಗೆ ಬರೆದವರು ಹೆಚ್ಚಾಗಿ ಪರದೆ ಎದ್ದ ಮೇಲಿನ ಕತೆಯನ್ನೇ ಬರೆದಿದ್ದಾರೆ. ರಂಗದ ಮೇಲೆ ಆನೆ ಬಂತು, ಕುದುರೆ ಬಂತು, ಹಾಡಿಗೆ ‘ಒನ್ಸ್ ಮೋರ್’ ಬಿತ್ತು. ಆಟವಿಲ್ಲದ ದಿನ ಆ ಜನ ಏನು ಮಾಡುತ್ತಿದ್ದರು, ಎಲ್ಲಿ ಮಲಗುತ್ತಿದ್ದರು, ಯಾರ ಮನೆಯ ಮುದ್ದೆ ಉಣ್ಣುತ್ತಿದ್ದರು ಎಂಬುದನ್ನು ಕಲಾವಿದರ ಆತ್ಮಕಥೆಗಳಲ್ಲಿ ಹುಡುಕಿ ಹೆಕ್ಕಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಇವತ್ತಿಗೂ ರಾತ್ರಿಯಿಡೀ ‘ಕುರುಕ್ಷೇತ್ರ’ ಆಡುತ್ತಾರೆ. ಅದನ್ನು ನೋಡುತ್ತ ಕೂತಾಗ ನನಗೆ ಅನ್ನಿಸಿದ್ದು ಇಷ್ಟು: ಈ ಸೀಮೆಗೆ ನಾಟಕದ ಹುಚ್ಚು ಹತ್ತಿದ್ದು ಕಂಪನಿಗಳು ಆಡಿದ ದಿನಗಳಿಂದ, ನಾಟಕದ ವಿದ್ಯೆ ಬಂದದ್ದು ಅವು ಆಡದೆ ಕೂತ ದಿನಗಳಿಂದ.

ದಾರಿಯಿಂದಲೇ ಶುರುಮಾಡೋಣ. ಬೆಂಗಳೂರು–ಮೈಸೂರು ರೈಲು ಓಡತೊಡಗಿದ್ದು 1880ರ ದಶಕದ ಆರಂಭದಲ್ಲಿ. ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮತ್ತವರ ಗೆಳೆಯರು ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಕಟ್ಟಿದ್ದು 1884ರಲ್ಲಿ. ಮುಂದೆ ‘ಗುಬ್ಬಿ ಕಂಪನಿ’ ಎಂದು ಮನೆಮಾತಾದದ್ದು ಇದೇ. ಬಾಲಕನಾಗಿ ಸೇರಿದ ವೀರಣ್ಣನವರು 1917ರಲ್ಲಿ ಅದರ ಮಾಲೀಕರಾದರು. ರೈಲೂ ಕಂಪನಿಯೂ ನಮ್ಮಲ್ಲಿ ಹೆಚ್ಚುಕಡಿಮೆ ಓರಗೆಯವು ಎನ್ನುವುದು ಸಣ್ಣ ವಿಷಯವಲ್ಲ. ಬಿದಿರುಗಳಕ್ಕೆ ಸುತ್ತಿದ ಉದ್ದುದ್ದ ಪರದೆಗಳು, ಕಿರೀಟ ಭುಜಕೀರ್ತಿಗಳ ಟ್ರಂಕುಗಳು, ಕಾಲು ಹಾರ್ಮೋನಿಯಂ, ಅಡುಗೆಯ ಹಂಡೆಗಳು, ಹೆಂಗಸರು ಮಕ್ಕಳು ಸೇರಿ ಒಂದು ಸಂಸಾರವೇ ಸಾಗಬೇಕಿತ್ತು. ಆಗ ಕ್ಲೋಸ್‌ಪೇಟೆಯೆಂದು ಕರೆಸಿಕೊಳ್ಳುತ್ತಿದ್ದ ರಾಮನಗರವೂ ಚನ್ನಪಟ್ಟಣವೂ ರೈಲಿನ ಊರುಗಳು. ಮಾಗಡಿಗೂ ಕನಕಪುರಕ್ಕೂ ಇವತ್ತಿಗೂ ರೈಲಿಲ್ಲ. ಆ ಕಡೆಗೆ ಹೊರಟ ಯಾವ ತಂಡವಾದರೂ ಸಾಮಾನನ್ನು ಎತ್ತಿನ ಗಾಡಿಗೆ, ಆಮೇಲಿನ ಕಾಲದಲ್ಲಿ ಲಾರಿಗೆ ಹೇರಲೇಬೇಕು.

ಮೊಕ್ಕಾಂ ಎತ್ತುವ ದಿನಗಳು ಲೆಕ್ಕಕ್ಕೆ ಬಿಡುವು. ಆಟವಿಲ್ಲ, ಗೇಟಿನಲ್ಲಿ ಕಲೆಕ್ಷನ್ ಇಲ್ಲ. ಮೈಮುರಿಯುವ ಕೆಲಸ ಮಾತ್ರ ಆಗಲೇ ಜಾಸ್ತಿ. ಕೊನೆಯ ಆಟ ಮುಗಿದ ರಾತ್ರಿಯೇ ಥಿಯೇಟರಿನ ತಗಡು ಬಿಚ್ಚಬೇಕು, ಗಳ ಕೀಳಬೇಕು, ಬಾಡಿಗೆ ಬೆಂಚು ಕುರ್ಚಿ ಎಣಿಸಿ ಒಪ್ಪಿಸಬೇಕು. ದರ್ಬಾರು ಸೀನು, ಕಾಡು ಸೀನು, ರಸ್ತೆ ಸೀನುಗಳನ್ನು ಮಡಿಕೆ ಬೀಳದಂತೆ ಸುತ್ತಬೇಕು. ನೀರುಬಣ್ಣದಲ್ಲಿ ಬರೆದ ಆ ಪರದೆಗಳಿಗೆ ಒಂದು ಜೋರು ಮಳೆ ಸಾಕು, ಅರಮನೆಯ ಕಂಬ ಕರಗಿ ಕಾಡಿನೊಳಕ್ಕೆ ಇಳಿಯುತ್ತದೆ. ರಾತ್ರಿ ಧರ್ಮರಾಯನಾಗಿದ್ದವನು ಬೆಳಿಗ್ಗೆ ತಗಡು ಹೊರುತ್ತಿದ್ದ. ಸಣ್ಣ ಕಂಪನಿಗಳಲ್ಲಿ ಕೂಲಿಗೆ ಬೇರೆ ಜನ ಇಡುವಷ್ಟು ದುಡ್ಡು ಎಲ್ಲಿತ್ತು? ಇತ್ತ ಮ್ಯಾನೇಜರು ಮುಂದಿನ ಊರಿಗೆ ಹೋಗಿ ಜಾಗ ಗೊತ್ತುಮಾಡಿ, ಲೈಸೆನ್ಸ್ ಮಾಡಿಸಿ, ಊರ ಯಜಮಾನರ ಮನೆಗೆ ನಮಸ್ಕಾರ ಹಾಕಿ ಬರಬೇಕು.

ಮೊಕ್ಕಾಂ ನೆಲೆ ನಿಂತ ಮೇಲೆ ಸಿಗುವ ಹಗಲುಗಳೇ ಬೇರೆ. ನಡುರಾತ್ರಿ ದಾಟಿ ಮುಗಿದ ಆಟದ ಸುಸ್ತಿಗೆ ಕಲಾವಿದರು ಹೊತ್ತೇರಿದ ಮೇಲೆ ಏಳುವುದು, ಒಗೆದ ಸೀರೆ ಪಂಚೆಗಳು ಥಿಯೇಟರಿನ ಹಗ್ಗದ ಮೇಲೆಯೇ ಒಣಗುವುದು, ಕಂಪನಿಯ ಅಡುಗೆಮನೆಯ ಮುಂದೆ ಪಂಕ್ತಿ. ಮಧ್ಯಾಹ್ನ ಹಾರ್ಮೋನಿಯಂ ಮೇಷ್ಟ್ರ ಸುತ್ತ ಹುಡುಗರು ಕೂರುತ್ತಿದ್ದರು. ಶಾಲೆ ಕಾಣದ ಮಕ್ಕಳಿಗೆ ಅದೇ ಶಾಲೆ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಬೆನ್ನಿಗೆ ಗುಬ್ಬಿ ಕಂಪನಿಗೆ ಬಂದ ಮುತ್ತುರಾಜ್ ಎಂಬ ಹುಡುಗ ಕಲಿತದ್ದೆಲ್ಲ ಇಂಥ ಹಗಲುಗಳಲ್ಲೇ. ಅವರು ಮುಂದೆ ಡಾ. ರಾಜ್‌ಕುಮಾರ್ ಆದರು. ಮನೆಬಿಟ್ಟು ಓಡಿಬಂದು ಅದೇ ಕಂಪನಿ ಸೇರಿದ, ಮುಂದೆ ರಂಗನಿರ್ದೇಶಕರಾದ ಬಿ.ವಿ. ಕಾರಂತರನ್ನು ವೀರಣ್ಣನವರು ಓದಲು ಕಾಶಿಗೆ ಕಳುಹಿಸಿದರು. ಹೊಟ್ಟೆಪಾಡಿಗೆ ಕಟ್ಟಿಕೊಂಡ ಕಂಪನಿಯೊಂದು ಆಟವಿಲ್ಲದ ಹೊತ್ತಿನಲ್ಲಿ ಪಾಠಶಾಲೆಯಾಗುತ್ತಿತ್ತು. ಆ ಶಾಲೆಯಲ್ಲಿ ಬೈಗುಳವೂ ಏಟೂ ಧಾರಾಳವಾಗಿದ್ದವು, ಅದನ್ನು ಮರೆಮಾಚಿ ಹೊಗಳುವುದು ಬೇಡ.

ಮಳೆಗಾಲ ಬಂದರೆ ಲೆಕ್ಕ ತಲೆಕೆಳಗು. ತಗಡಿನ ಮೇಲೆ ಮಳೆ ಬಿದ್ದರೆ ಕರ್ಣನ ಮಾತು ಮೂರನೇ ಸಾಲಿಗೂ ಕೇಳದು. ರೈತರು ರಾಗಿ ಹೊಲದಲ್ಲಿ, ಟಿಕೆಟ್ ಕೊಳ್ಳುವವರಿಲ್ಲ. ಗಟ್ಟಿ ಕಂಪನಿಗಳು ಕಟ್ಟಡದ ಥಿಯೇಟರ್ ಇರುವ ಪಟ್ಟಣಗಳಿಗೆ ಸರಿದುಕೊಳ್ಳುತ್ತಿದ್ದವು. ಉಳಿದವು ಜನರನ್ನು ಊರಿಗೆ ಕಳುಹಿಸುತ್ತಿದ್ದವು. ಇದಕ್ಕಿಂತ ಕಷ್ಟದ ಬಿಡುವು ಇನ್ನೊಂದಿತ್ತು. ಕಲೆಕ್ಷನ್ ಬೀಳದೆ ಕಂಪನಿ ಊರ ನಡುವೆ ನಿಂತುಬಿಡುವುದು. ಮುಂದಿನ ಊರಿಗೆ ಹೋಗಲು ಗಾಡಿ ಬಾಡಿಗೆ ಇಲ್ಲ, ದಿನಸಿ ಅಂಗಡಿಯಲ್ಲಿ ಸಾಲ, ಸಾಲಕ್ಕೆ ಸೀನು ಸಾಮಾನು ಅಡವು. ಛತ್ರದಲ್ಲೋ ದೇವಸ್ಥಾನದ ಕೈಸಾಲೆಯಲ್ಲೋ ಕಲಾವಿದರು ಕಾಯುತ್ತ ಕೂತ ಕತೆ ಕಂಪನಿ ಬದುಕಿನ ನೆನಪುಗಳಲ್ಲೆಲ್ಲ ಬರುತ್ತದೆ. ಸಿನಿಮಾ ಟಾಕೀಸುಗಳು ಹೆಚ್ಚಿದಂತೆ ಇಂಥ ನಿಲುಗಡೆಗಳೂ ಹೆಚ್ಚಿದವು. ಹಳೆ ಮೈಸೂರು ಸೀಮೆಯಲ್ಲಿ ಒಂದೊಂದಾಗಿ ಕಂಪನಿಗಳು ನಿಂತೇ ಹೋದವು.

ಹೀಗೆ ಕೆಲಸ ಕಳೆದುಕೊಂಡ ನಟನಿಗಿಂತ ಹಾರ್ಮೋನಿಯಂ ಮೇಷ್ಟ್ರ ಸ್ಥಿತಿ ಒಂದು ಗುಂಜಿ ಮೇಲಾಗಿತ್ತು. ನಟನಿಗೆ ರಂಗ ಬೇಕು. ಮೇಷ್ಟ್ರಿಗೆ ಪೆಟ್ಟಿಗೆಯೊಂದಿದ್ದರೆ ಸಾಕು. ಇಡೀ ನಾಟಕ ಅವರ ತಲೆಯಲ್ಲಿರುತ್ತಿತ್ತು. ಕಂದಪದ್ಯ ಯಾವ ರಾಗದಲ್ಲಿ, ಶಕುನಿ ಯಾವ ಮಾತಿಗೆ ಬರಬೇಕು, ದ್ರೌಪದಿ ಯಾವ ಪಕ್ಕದಿಂದ ಹೊರಡಬೇಕು, ಎಲ್ಲ. ಮಳೆಗಾಲಕ್ಕೆಂದೋ ಕಂಪನಿ ಮುಚ್ಚಿತೆಂದೋ ಹಳ್ಳಿಗೆ ಬಂದವರನ್ನು ಊರವರು ಕೂರಿಸಿಕೊಂಡರು. ಉಳಿಯಲು ಒಬ್ಬರ ಜಗಲಿ, ಊಟಕ್ಕೆ ದಿನಕ್ಕೊಂದು ಮನೆ, ಕೊನೆಗೊಂದಿಷ್ಟು ದುಡ್ಡು, ಪಂಚೆ ಶಲ್ಯ. ‘ಡ್ರಾಮಾ ಮೇಷ್ಟ್ರು’ ಎಂಬ ಕಸುಬು ಹೀಗೆ ನಿಂತಿತು. ಒಂದು ಊರಿನ ನಾಟಕ ಮುಗಿಯುವಷ್ಟರಲ್ಲಿ ಪಕ್ಕದ ಊರಿನವರು ಬಂದು ಕರೆಯುತ್ತಿದ್ದರು. ಕಂಪನಿಯ ಅಲೆದಾಟ ಮುಗಿದರೂ ಮೇಷ್ಟ್ರ ಅಲೆದಾಟ ಮುಗಿಯಲಿಲ್ಲ, ಊರುಗಳು ಚಿಕ್ಕವಾದವು ಅಷ್ಟೇ.

ಗುಬ್ಬಿ ಕಂಪನಿ 1934ರಲ್ಲಿ ಬೆಂಗಳೂರಿನಲ್ಲಿ ಆನೆ ಕುದುರೆ ತಂದು ಆಡಿದ ‘ಕುರುಕ್ಷೇತ್ರ’ವನ್ನು ಬರೆದವರು ನಾಟಕಕಾರ ಬಿ. ಪುಟ್ಟಸ್ವಾಮಯ್ಯನವರು. ಹಳ್ಳಿಗಳಲ್ಲಿ ಓಡಾಡುವ ಕುರುಕ್ಷೇತ್ರದ ಪಾಠಗಳು ಹಲವು. ಮೇಷ್ಟ್ರಿಂದ ಮೇಷ್ಟ್ರಿಗೆ ಹಾಡು ಸೇರುತ್ತದೆ, ಮಾತು ಉದ್ದವಾಗುತ್ತದೆ. ಆನೆಯಿಲ್ಲದ ಊರಲ್ಲಿ ವೈಭವವನ್ನೆಲ್ಲ ಕಂಠದಲ್ಲೇ ತೋರಿಸಬೇಕು. ಅದಕ್ಕೇ ಈ ಭಾಗದ ಕುರುಕ್ಷೇತ್ರದಲ್ಲಿ ಯುದ್ಧ ಕಡಿಮೆ, ಹಾಡು ಜಾಸ್ತಿ.

ಪ್ರಾಕ್ಟೀಸು ನಡೆಯುವುದು ರಾತ್ರಿ ಊಟದ ಮೇಲೆ, ಭಜನೆ ಮನೆಯಲ್ಲೋ ದೇವಸ್ಥಾನದ ಹಜಾರದಲ್ಲೋ. ಪಾತ್ರಧಾರಿಗಳೇ ದುಡ್ಡು ಹಾಕಿ ನಾಟಕ ಆಡಿಸುವ ಪದ್ಧತಿ ಇಲ್ಲಿಯದು. ಕೃಷ್ಣ, ದುರ್ಯೋಧನರ ಪಾತ್ರಕ್ಕೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಆಸೆ ಇರುವವರು ಹಲವರಾದರೆ ಕೃಷ್ಣನನ್ನು ದೃಶ್ಯಕ್ಕೊಬ್ಬರಂತೆ ಹಂಚುತ್ತಾರೆ. ಹಾಗಾಗಿ ಒಂದೇ ರಾತ್ರಿ ಮೂರು ಮಂದಿ ಕೃಷ್ಣರು, ಒಬ್ಬ ತೆಳ್ಳಗೆ, ಒಬ್ಬ ದಪ್ಪಗೆ. ನೋಡುವವರಿಗೆ ಅದರಿಂದ ಯಾವ ತೊಡಕೂ ಇಲ್ಲ. ಪಾತ್ರ ಹಂಚುವ ರಾತ್ರಿಯ ಮಾತುಕತೆ ಎಲ್ಲ ಊರಲ್ಲೂ ಸುಮಾರಾಗಿ ಹೀಗೇ ಇರುತ್ತದೆ:

“ಮೇಷ್ಟ್ರೇ, ಈ ಸಲ ದುರ್ಯೋಧನ ನಮ್ಮ ಹುಡುಗಂಗೇ ಆಗ್ಬೇಕು. ದುಡ್ಡಿನ ಯೋಚ್ನೆ ಬ್ಯಾಡ.”

“ದುಡ್ಡು ಸರಿ ಗೌಡ್ರೇ, ಶ್ರುತಿ? ಅವನ ಗಂಟಲು ಬಿಳಿ ಎರಡನ್ನೂ ಮುಟ್ಟಲ್ಲ. ವಿದುರ ಮಾಡ್ಲಿ ಬಿಡಿ, ಗಂಭೀರವಾಗಿ ಕಾಣ್ತಾನೆ.”

ಕೊನೆಗೆ ಗೆಲ್ಲುವುದು ಹೆಚ್ಚಾಗಿ ಗೌಡರೇ. ಪಾತ್ರ ಗೊತ್ತಾದ ಮೇಲೆ ಪ್ರತಿಯೊಬ್ಬರೂ ತಮ್ಮ ‘ಪಾರ್ಟ’ನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳಬೇಕು. ಓದು ಬಾರದವರಿಗೆ ಮೇಷ್ಟ್ರೇ ಬಾಯಿಪಾಠ ಮಾಡಿಸುತ್ತಿದ್ದರು. ಹೊಲ ಉಳುವಾಗ, ಹಾಲು ಕರೆಯುವಾಗ ಕಂದ ಹೇಳಿಕೊಳ್ಳುವ ಗಂಡಸರು ಈ ಕಡೆ ಹೊಸದಲ್ಲ.

ಇದು ರೇಷ್ಮೆ ಸೀಮೆ, ಪ್ರಾಕ್ಟೀಸೂ ಹುಳುವಿನ ಲೆಕ್ಕದಲ್ಲೇ. ಚಾಕಿಯಿಂದ, ಅಂದರೆ ಮರಿಹುಳುವಿನಿಂದ, ಗೂಡಿನವರೆಗೆ ಸುಮಾರು ನಾಲ್ಕು ವಾರದ ಬೆಳೆ. ಹುಳು ಪೊರೆ ಕಳಚುವ ಹಂತಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಮೊದಮೊದಲ ಜ್ವರಗಳಲ್ಲಿ ಒಂದಿಷ್ಟು ಬಿಡುವಿದ್ದೀತು. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹೊತ್ತುಹೊತ್ತಿಗೆ ಸೊಪ್ಪು ಕೇಳುತ್ತದೆ. ಹಣ್ಣಾದ ಹುಳುವನ್ನು ಆಯ್ದು, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಮನೆಮಂದಿಯೆಲ್ಲ ನಿಲ್ಲಬೇಕು. ಆ ವಾರ ರೇಷ್ಮೆ ಮನೆಯ ಭೀಮ ಪ್ರಾಕ್ಟೀಸಿಗೆ ಬರಲಾರ. ಅವನು ಬಾರದೆ ಗದಾಯುದ್ಧ ಹೇಗೆ? ಕಂಪನಿಯಲ್ಲಿ ಗಂಟೆ ಹೊಡೆದರೆ ಬಂದು ನಿಲ್ಲುವ ನಟರನ್ನು ಕಂಡಿದ್ದ ಮೇಷ್ಟ್ರು ಇಲ್ಲಿ ಹುಳುವಿನ ಜ್ವರ ಕೇಳಿ ಪ್ರಾಕ್ಟೀಸು ಇಡುವುದನ್ನು ಕಲಿಯಬೇಕಾಯಿತು. ತಿಂಗಳುಗಟ್ಟಲೆ ತಾಲೀಮು ಎಳೆಯುವುದಕ್ಕೆ ಸೋಮಾರಿತನ ಕಾರಣ ಎಂದು ಪೇಟೆಯವರು ನಗುವುದುಂಟು. ಗೂಡು ಮಾರುಕಟ್ಟೆಗೆ ಹೋಗಿ ದುಡ್ಡು ಕೈಗೆ ಬಂದರೇನೇ ಸೀನರಿಯವರಿಗೆ ಅಡ್ವಾನ್ಸು ಕೊಡಲಾಗುವುದು ಎಂಬುದು ಅವರಿಗೆ ಗೊತ್ತಿಲ್ಲ.

ಆಟದ ರಾತ್ರಿಯ ವರ್ಣನೆಯನ್ನು ಬೇರೆಯವರು ಸಾಕಷ್ಟು ಮಾಡಿದ್ದಾರೆ. ಬಾಡಿಗೆ ಸೀನರಿ, ಝಗಝಗ ದೀಪ, ನೆಂಟರಿಷ್ಟರು ರಂಗಕ್ಕೇ ಹತ್ತಿ ಹಾಕುವ ನೋಟಿನ ಹಾರ, ಬೆಳಗಿನ ಜಾವದ ಮಂಗಳ. ಆದರೆ ಆ ರಂಗದ ಮೇಲೆ ಕೂಲಿಗೆ ಬಂದ ಕೆಲವರಿರುತ್ತಾರೆ: ದ್ರೌಪದಿ, ಕುಂತಿ, ಉತ್ತರೆ. ಊರಿನ ಹೆಣ್ಣುಮಕ್ಕಳು ಬಣ್ಣ ಹಚ್ಚುವುದು ಅಪರೂಪವಾದ್ದರಿಂದ ಈ ಪಾತ್ರಗಳಿಗೆ ಪೇಟೆಯಿಂದ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಅವರಿಗೆ ಪುರುಸೊತ್ತಿಲ್ಲ. ಇವತ್ತು ಮಾಗಡಿ ಕಡೆಯ ಹಳ್ಳಿ, ನಾಳೆ ಕನಕಪುರದ್ದು. ಮೂರು ತಿಂಗಳು ತಾಲೀಮು ಮಾಡಿದ ಗಂಡಸರ ನಡುವೆ ಇವರು ಸಂಜೆ ಬಸ್ಸಿಳಿದು, ಮೇಷ್ಟ್ರ ಹತ್ತಿರ ಹಾಡಿನ ಶ್ರುತಿ ಒಂದು ಸಲ ಸರಿಮಾಡಿಕೊಂಡು, ಮೊದಲ ಬಾರಿ ಮುಖ ನೋಡುತ್ತಿರುವ ಕರ್ಣನನ್ನು ‘ಮಗನೇ’ ಎಂದು ಅಪ್ಪಿ ಅಳಬೇಕು. ಕರ್ಣ ಮಾತು ಮರೆತರೆ ಅವನ ಮಾತನ್ನೂ ತಮ್ಮ ಮಾತಿನೊಳಗೆ ಸೇರಿಸಿ ದೃಶ್ಯ ದಾಟಿಸಬೇಕು. ಬೆಳಿಗ್ಗೆ ಬಣ್ಣ ಒರೆಸಿ ಮೊದಲ ಬಸ್ಸಿಗೆ ನಿಲ್ಲಬೇಕು. ಆಷಾಢಕ್ಕೆ, ಪಿತೃಪಕ್ಷಕ್ಕೆ ಇವರಿಗೆ ಕೆಲಸವಿಲ್ಲದ ರಜೆ. ಗುಬ್ಬಿ ಕಂಪನಿಯ ವಾರಸುದಾರರು ಯಾರೆಂದು ಕೇಳಿದರೆ ನಾನು ಈ ಹೆಣ್ಣುಮಕ್ಕಳನ್ನೇ ತೋರಿಸುತ್ತೇನೆ. ಹಳೆಯ ಕಂಪನಿಯವರಿಗೆ ಇದ್ದ ಅಡುಗೆಮನೆಯೂ ಇವರಿಗಿಲ್ಲ.

ಬಿಡುವನ್ನು ದುಡಿಸಿಕೊಂಡವರ ದೊಡ್ಡ ಉದಾಹರಣೆಯೊಂದು ಸಿನಿಮಾದ ಕಡೆಯಿಂದಿದೆ. 1950ರ ದಶಕದಲ್ಲಿ ಕನ್ನಡ ಚಿತ್ರಗಳ ಸಂಖ್ಯೆಯೇ ಕಡಿಮೆ, ಕಲಾವಿದರಿಗೆ ಸಾಲುಸಾಲು ಕೆಲಸವಿರುತ್ತಿರಲಿಲ್ಲ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಕಲಾವಿದರ ಸಂಘ ಕಟ್ಟಿ ನಾಟಕ ಹೂಡಿ ನಾಡಿನ ಮೇಲೆ ತಿರುಗಿದರು. ಕಂಪನಿಯಲ್ಲಿ ಬೆಳೆದವರಿಗೆ ಅದು ಹೊಸ ದಾರಿಯೇನಲ್ಲ. ಆ ಸಂಘದಿಂದಲೇ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರ ಹೊರಬಂತು.

ಹೊಸ ಕಾಲದ ತಿರುಗಾಟಕ್ಕೆ ರೂಪ ಕೊಟ್ಟವರು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರು. 1985ರಲ್ಲಿ ಆರಂಭವಾದ, ಅವರ ನೀನಾಸಮ್ ಸಂಸ್ಥೆಯ ತಿರುಗಾಟದಲ್ಲಿ ಮಳೆಗಾಲವೇ ತಾಲೀಮಿನ ಕಾಲ, ಮಳೆ ನಿಂತ ಮೇಲೆ ಪಯಣ. ಕಂಪನಿಗಳನ್ನು ಕೆಡವಿದ್ದ ನಾಲ್ಕು ತಿಂಗಳನ್ನೇ ಅವರು ಬುನಾದಿ ಮಾಡಿಕೊಂಡರು. ನಾಟಕದ ವ್ಯವಹಾರ ಬಲ್ಲವರು ಇದಕ್ಕೆ ತಲೆದೂಗಬೇಕು.

ಇತ್ತ ನಮ್ಮ ಜಿಲ್ಲೆ 2007ರಲ್ಲಿ ರಾಮನಗರ ಎಂಬ ಹೆಸರಲ್ಲಿ ಹುಟ್ಟಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡಿದೆ. 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್ ಹೆದ್ದಾರಿ ರಾಮನಗರವನ್ನೂ ಚನ್ನಪಟ್ಟಣವನ್ನೂ ಬದಿಗಿಟ್ಟು ಹೋಗುತ್ತದೆ. ರಾಮನಗರವೆಂದರೆ ಹೊರಗಿನವರಿಗೆ ‘ಷೋಲೆ’ಯ ಬಂಡೆ, ಚನ್ನಪಟ್ಟಣವೆಂದರೆ ಬೊಂಬೆ. ಡ್ರಾಮಾ ಮೇಷ್ಟ್ರ ಊರು ಎಂದು ಯಾರೂ ಫಲಕ ಹಾಕಿಲ್ಲ. ಹಾರ್ಮೋನಿಯಂ ಪಕ್ಕಕ್ಕೆ ಕೀಬೋರ್ಡ್, ರಿದಂ ಪ್ಯಾಡ್ ಬಂದಿವೆ; ಸಿನಿಮಾ ಹಾಡಿನ ಮಟ್ಟು ನುಸುಳಿದೆ. ಇದಕ್ಕೆ ಮೂಗು ಮುರಿಯುವವರು ನೆನಪಿಡಬೇಕು, ಕಂಪನಿಗಳೂ ಪಾರ್ಸಿ ನಾಟಕಗಳ ಮಟ್ಟುಗಳನ್ನು ಹೀಗೇ ಎತ್ತಿಕೊಂಡಿದ್ದವು. ನನಗೆ ಚಿಂತೆ ಬೇರೆಯದು. ಹಳೆಯ ಮೇಷ್ಟ್ರುಗಳ ಕೈಬರಹದ ಪುಸ್ತಕಗಳಲ್ಲಿ ರಾಗದ ಹೆಸರು, ಶ್ರುತಿಯ ಗುರುತು, ಪಾರ್ಟುಗಳು ಎಲ್ಲ ಇವೆ. ಅವು ತೀರಿಕೊಂಡವರ ಮನೆಯ ಅಟ್ಟದಲ್ಲಿ ಗೆದ್ದಲಿಗೆ ಬೀಳುತ್ತಿವೆ, ಇಲ್ಲವೇ ಹಳೆ ಪೇಪರಿನವರ ತಕ್ಕಡಿಗೆ ಹೋಗುತ್ತಿವೆ.

ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಪಕ್ಕದಲ್ಲೇ ಇದೆ. ಊರೂರು ತಿರುಗಿ ಹಾಡು, ಕತೆ, ಸಾಮಾನು ಸಂಗ್ರಹಿಸಿದವರ ಜಾಗ ಅದು. ನಿಮ್ಮ ತಾತ ಕರ್ಣ ಮಾಡಿದ್ದರೆ, ಮನೆಯಲ್ಲಿ ಅವರ ಪಾರ್ಟಿನ ನೋಟ್‌ಬುಕ್ಕೋ, ನಾಟಕದ ಹ್ಯಾಂಡ್‌ಬಿಲ್ಲೋ, ಮೇಷ್ಟ್ರು ಬಿಟ್ಟುಹೋದ ಹಾಡಿನ ಪುಸ್ತಕವೋ ಇದ್ದರೆ, ದಯವಿಟ್ಟು ಎಸೆಯಬೇಡಿ. ಒಂದು ಫೋಟೊ ತೆಗೆದಿಡಿ. ಹಾಡಬಲ್ಲವರು ಊರಲ್ಲಿ ಇನ್ನೂ ಇದ್ದರೆ ಮೊಬೈಲಿನಲ್ಲಿ ಹಾಡಿಸಿಕೊಳ್ಳಿ. ಮೂಲವನ್ನು ಜಾನಪದ ಲೋಕಕ್ಕೋ ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೋ ತಲುಪಿಸಿ. ಮುಂದಿನ ಸಲ ಊರಲ್ಲಿ ನಾಟಕವಾದರೆ, ಕುಂತಿಯಾಗಿ ಬಂದ ಅಮ್ಮನಿಗೆ ಬಸ್ಸು ಹತ್ತುವ ಮುಂಚೆ ಒಂದು ತಟ್ಟೆ ತಿಂಡಿ ಸಿಕ್ಕಿತೇ ಎಂದು ಕೇಳುವುದನ್ನೂ ಮರೆಯಬೇಡಿ.