ಹಿರಿಯರಿಗೆ ಆರೋಗ್ಯ ವಿಮೆ ತಿಳಿಸಿಕೊಡುವ ಸೇವೆ

ಹಿರಿಯರಿಗೆ ಆರೋಗ್ಯ ವಿಮೆ ತಿಳಿಸಿಕೊಡುವ ಸ್ವಯಂಸೇವಕರ ಕೆಲಸ ಶುರುವಾಗಬೇಕಾದ್ದು ಮನೆಯಲ್ಲಿ, ಕಾಯಿಲೆ ಬರುವುದಕ್ಕೆ ಮುಂಚೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಎಷ್ಟೋ ಮನೆಗಳಲ್ಲಿ ಟ್ರಂಕಿನ ತಳದಲ್ಲೊಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಆಧಾರ್, ರೇಷನ್ ಕಾರ್ಡು, ಪಿಂಚಣಿ ಕಾಗದ, ಸೊಸೈಟಿಯ ಪಾಸ್‌ಬುಕ್ಕು, ಯಾವಾಗಲೋ ಮಾಡಿಸಿದ ಹೆಲ್ತ್ ಕಾರ್ಡು ಎಲ್ಲವೂ ಅದರಲ್ಲೇ. ಯಾವುದು ಎಲ್ಲಿ ನಡೆಯುತ್ತದೆ ಎಂದು ಒಂದೊಂದಾಗಿ ಬಿಡಿಸಿ ಹೇಳುವವರು ಬೇಕು.

ಮೊದಲು ನೋಡಬೇಕಾದ್ದು ರೇಷನ್ ಕಾರ್ಡು, ಅದು ಬಿಪಿಎಲ್ಲೋ ಎಪಿಎಲ್ಲೋ ಎಂದು. 2018ರ ಮಾರ್ಚ್‌ನಲ್ಲಿ ಆರಂಭವಾದ ರಾಜ್ಯದ ಆರೋಗ್ಯ ಯೋಜನೆ ‘ಆರೋಗ್ಯ ಕರ್ನಾಟಕ’ ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಕೂಡಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30ರಷ್ಟು, ಅದೂ 1.5 ಲಕ್ಷದೊಳಗೆ. ಈ ಮೊತ್ತ ತಲೆಗಿಷ್ಟು ಎಂದಲ್ಲ, ಇಡೀ ಮನೆಗೆ.

ಜನ ಎಡವುವುದು ರೆಫರಲ್ ಚೀಟಿಯ ವಿಷಯದಲ್ಲಿ. ತುರ್ತು ಚಿಕಿತ್ಸೆಯ ಮಾತು ಬೇರೆ. ಉಳಿದಂತೆ ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಬೇಕು, ಅಲ್ಲಿ ಆಗದ ಚಿಕಿತ್ಸೆಗೆ ಅವರು ಬರೆದುಕೊಟ್ಟ ಮೇಲೆಯೇ ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬೇಕು. ನೇರವಾಗಿ ದಾವಣಗೆರೆಗೋ ಬೆಂಗಳೂರಿಗೋ ಹೋಗಿ ಅಡ್ಮಿಟ್ ಆದವರಿಗೆ ‘ರೆಫರಲ್ ಎಲ್ಲಿ?’ ಎಂಬ ಪ್ರಶ್ನೆ ಎದುರಾಗುವ ಹೊತ್ತಿಗೆ ಮಗ ಸಾಲಕ್ಕೆ ಓಡಾಡುತ್ತಿರುತ್ತಾನೆ. ‘ಅಜ್ಜಿ, ಮೊದ್ಲು ತಾಲ್ಲೂಕು ಆಸ್ಪತ್ರೆಗೇ ಹೋಗ್ಬೇಕು, ಚೀಟಿ ಇಸ್ಕೊಂಡೇ ಮುಂದಕ್ಕೆ’ ಎಂಬ ಒಂದು ಮಾತು ಆ ಸಾಲವನ್ನು ತಪ್ಪಿಸಬಲ್ಲದು. ಆಸ್ಪತ್ರೆಯೊಳಗೆ ಕೇಳಬೇಕಾದವರು ಯೋಜನೆಯ ನೆರವಿಗೆಂದೇ ಇರುವ ಆರೋಗ್ಯ ಮಿತ್ರರು.

70 ದಾಟಿದ ಎಲ್ಲರಿಗೂ, ಆದಾಯ ನೋಡದೆ, 5 ಲಕ್ಷದ ರಕ್ಷಣೆ ಕೊಡುವ ವಯ ವಂದನ ಕಾರ್ಡಿಗೆ ಕೇಂದ್ರ 2024ರ ಅಕ್ಟೋಬರ್ 29ರಂದು ಚಾಲನೆ ನೀಡಿತು. ಆದರೆ ಟಿವಿಯಲ್ಲಿ ಕೇಳಿದ್ದು ಕೌಂಟರಿನಲ್ಲಿ ನಡೆಯಲೇಬೇಕೆಂದಿಲ್ಲ, ಹೊರಡುವ ಮುನ್ನ ಆಸ್ಪತ್ರೆಗೆ ಫೋನ್ ಮಾಡಿ ಖಚಿತಪಡಿಸಿಕೊಡುವುದೂ ಸ್ವಯಂಸೇವಕರದೇ ಕೆಲಸ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2022–23ರಲ್ಲಿ ಮತ್ತೆ ಶುರುವಾದ ಯೋಜನೆ ಇದು. ಪ್ರತಿ ವರ್ಷ ಸೊಸೈಟಿಯಲ್ಲಿ ಹಣ ಕಟ್ಟಿ ನವೀಕರಿಸದಿದ್ದರೆ ಹಳೆಯ ಕಾರ್ಡಿಗೆ ಬೆಲೆಯಿಲ್ಲ.

ಕಾರ್ಡು ಮಾಡಿಸುವಾಗಿನ ತೊಡಕು ಬೇರೆಯೇ. ಅಡಿಕೆ ಸುಲಿದು, ಕಳೆ ಕಿತ್ತು ಸವೆದ ಬೆರಳಿನ ಗುರುತನ್ನು ಯಂತ್ರ ಹಿಡಿಯುವುದಿಲ್ಲ. ಮೂರು ಸಲ ಒತ್ತಿ, ಸೆರಗಿಗೆ ಒರೆಸಿ, ಮತ್ತೆ ಒತ್ತಿ, ತಮ್ಮದೇ ತಪ್ಪೆಂಬಂತೆ ಮುಖ ಸಪ್ಪೆ ಮಾಡಿಕೊಂಡು ವಾಪಸಾಗುವ ವೃದ್ಧೆಗೆ ಮುಖಚಹರೆಯಿಂದಲೂ ಒಟಿಪಿಯಿಂದಲೂ ಗುರುತು ದೃಢಪಡಿಸಬಹುದೆಂದು ಪಕ್ಕದಲ್ಲಿದ್ದವರು ಹೇಳಬೇಕು. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಅದನ್ನೂ ಮೊದಲೇ ಸರಿಪಡಿಸಿಕೊಳ್ಳಬೇಕು.

ಖಾಸಗಿ ಪಾಲಿಸಿಯಲ್ಲಿ ಮುಖ್ಯವಾಗಿ ಓದಬೇಕಾದ್ದು ಹಳೆಯ ಕಾಯಿಲೆಗಳಿಗೆ ಕಾಯಬೇಕಾದ ಅವಧಿ. 2024ರ ನಿಯಮದಂತೆ ಅದು 36 ತಿಂಗಳು ಮೀರುವಂತಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಮುಚ್ಚಿಡದೆ ಅರ್ಜಿಯಲ್ಲಿ ಬರೆಸಬೇಕು. ಕ್ಲೇಮು ಅನ್ಯಾಯವಾಗಿ ತಿರಸ್ಕೃತವಾದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು, ಬಳಿಕ ಬೆಂಗಳೂರಿನ ವಿಮಾ ಲೋಕಪಾಲರ ಮೊರೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ.

ಅಮೆರಿಕದಲ್ಲಿ 1990ರ ಕಾನೂನಿನಿಂದಾಗಿ ಪ್ರತಿ ರಾಜ್ಯದಲ್ಲೂ ಹಿರಿಯರಿಗೆ ಆರೋಗ್ಯ ವಿಮೆ ತಿಳಿಸಿಕೊಡುವ ಸಲಹಾ ಕೇಂದ್ರಗಳಿವೆ, ತರಬೇತಿ ಪಡೆದ ಸ್ವಯಂಸೇವಕರು ಉಚಿತವಾಗಿ ನೆರವಾಗುತ್ತಾರೆ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರ ಹೆಗಲಿನ ಮೇಲೆ ಆಗಲೇ ಬೇಕಾದಷ್ಟು ಕೆಲಸವಿದೆ. ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು, ಎನ್‌ಎಸ್‌ಎಸ್ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಗ್ರಾಮ ಪಂಚಾಯ್ತಿಯ ಗ್ರಂಥಾಲಯದಲ್ಲಿ ಕೂತರೂ ಸಾಕು. ಅವರು ಪಾಲಿಸಿ ಮಾರಬಾರದು, ದುಡ್ಡು ಮುಟ್ಟಬಾರದು, ಒಟಿಪಿ ಕೇಳಬಾರದು, ದಾಖಲೆಗಳ ಫೋಟೊ ತಮ್ಮ ಮೊಬೈಲಿನಲ್ಲಿ ಉಳಿಸಿಕೊಳ್ಳಬಾರದು. ಕೊನೆಗೆ ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಯಾವ ಕಾರ್ಡು, ಮೊದಲು ಯಾವ ಆಸ್ಪತ್ರೆ, ಯಾರಿಗೆ ಫೋನ್ ಎಂದು ಬರೆದು ಆ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟು ಬರಬೇಕು.